ಮೂರು ಸಲ ಒರೆಸಿದ ಲ್ಯಾಪ್‌ಟಾಪ್

"ಏನೂ ಹೋಗಲ್ಲ ಅತ್ತಿಗೆ, ಒಂದು ನೊಣಾನೂ ಸಾಯಲ್ಲ!" ಅಂದ ತಿಪ್ಪೇಶಿ.

ಅವನನ್ನ ಯಾರೂ ಏನೂ ಕೇಳಿರಲಿಲ್ಲ. ಅವನ ಅತ್ತಿಗೆ ನೇತ್ರಾವತಿ ಹೊಸ ಲ್ಯಾಪ್‌ಟಾಪ್ ಮುಂದೆ ಕಣ್ಣು ಕಿರಿದು ಮಾಡ್ಕೊಂಡು ಕೂತಿದ್ಲು. ಬಾಯಿ ತುಂಬ ಹುರಿದ ಶೇಂಗಾ. ಮಾತಾಡೋ ಸ್ಥಿತೀಲೇ ಇರಲಿಲ್ಲ. ಆದ್ರೆ ಅವಳ ಹುಬ್ಬು ಒಂಚೂರು ಮೇಲೆ ಹೋಯ್ತು. ತಿಪ್ಪೇಶಿಗೆ ಅಷ್ಟು ಸಾಕಾಯ್ತು.

"ನಿಮ್ಮ ಸ್ಕೋರ್‌ಬೋರ್ಡು ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ. ಮಿಕ್ಕಿದ್ದೆಲ್ಲಾ ಒರೆಸಿ ಬಿಸಾಕ್ತೀನಿ. ಹೊಸದಾಗಿ ಸಿಸ್ಟಮ್ ಹಾಕಿದ್ರೆ ಮುಗೀತು. ಹಿಂಗೆ ಒಂದೊಂದೇ ಹೆಕ್ಕಿ ತೆಗೀತಾ ಕೂತ್ರೆ ಭಾನುವಾರ ಅಲ್ಲ, ಮುಂದಿನ ದೀಪಾವಳಿ ಬರುತ್ತೆ."

ನೇತ್ರಾವತಿ ಶೇಂಗಾ ನುಂಗಿದ್ಲು. "ಮೊದಲು ಆ ಕಾಲು ಅಲ್ಲಾಡಿಸೋದು ನಿಲ್ಲಿಸು. ಟೇಬಲ್ ನಡುಗ್ತೈತೆ."

ಈ ಅತ್ತಿಗೆ ಮೈದುನ ಇಬ್ರೂ ಸೇರಿ ಚಳ್ಳಕೆರೆ ಸುತ್ತಮುತ್ತ ನಡೆಯೋ ಕಬಡ್ಡಿ ಮ್ಯಾಚುಗಳನ್ನ ಫೋನಲ್ಲಿ ನೋಡೋ ಜನಕ್ಕೆ ಲೈವ್ ಬಿಡೋರು. ಕ್ಯಾಮೆರಾ, ವೈರು, ಲ್ಯಾಪ್‌ಟಾಪು ಅವನದು. ಮೈಕು ಅವಳದು. ಪಿಯುಸಿ ಓದುವಾಗ ಅವಳೇ ರೈಡ್‌ಗೆ ಹೋಗ್ತಿದ್ದೋಳು. ಅವಳು ಕಾಮೆಂಟರಿ ಕೊಡೋಕೆ ನಿಂತ್ರೆ, ಮನೇಲಿ ಮಲಗಿ ನೋಡೋರೂ ಎದ್ದು ಕೂರ್ತಿದ್ರು. ಅದಕ್ಕೇ ಜನ ಲೈವ್ ನೋಡ್ತಿದ್ರು. ಕ್ಯಾಮೆರಾ ನೋಡಿ ಅಲ್ಲ. ಇದು ತಿಪ್ಪೇಶಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳ್ತಿರಲಿಲ್ಲ ಅಷ್ಟೇ.

ಹಳೇ ಲ್ಯಾಪ್‌ಟಾಪ್ ಕೈ ಕೊಟ್ಟಿದ್ದಕ್ಕೆ ಈ ಹೊಸದು ಬಂದಿತ್ತು. ಹೊಸದು ಅಂದ್ರೆ ಹೊಸ ಮನೆ ಬಾಗಿಲು ತೆಗೆದ್ರೆ ಒಳಗೆ ಆಗ್ಲೇ ಎಂಟು ಜನ ಊಟಕ್ಕೆ ಕೂತಿರೋ ಥರ. ಯಾರೂ ಕೇಳದೇ ಇರೋ ಆಂಟಿವೈರಸ್ಸು, ಯಾರೂ ಆಡದೇ ಇರೋ ಆಟ, ಶಾಪಿಂಗ್ ಮಾಡು ಅಂತ ಪೀಡಿಸೋ ಒಂದು, ಹವಾಮಾನ ಹೇಳೋ ಇನ್ನೊಂದು. ಎಲ್ಲಾ ಕಂಪನಿಯಿಂದಾನೇ ತುಂಬ್ಕೊಂಡು ಬಂದಿದ್ವು. ಇರ್ಲಿ ಬಿಡು ಅಂತ ಹೋದ ಭಾನುವಾರ ಹಂಗೇ ಸೆಮಿಫೈನಲ್‌ಗೆ ಕೂತ್ರು.

ಕೊನೇ ರೈಡು. ಹುಡುಗಿ ಮೂರು ಜನರನ್ನ ಮುಟ್ಟಿ, ಹಿಡಿತ ಕಿತ್ಕೊಂಡು, ನಡುಗೆರೆ ಕಡೆ ಹಾರಿದ್ಲು. ಅದೇ ಗಳಿಗೇಲಿ ಪರದೆ ತುಂಬಾ ಕೆಂಪು ಬಣ್ಣ. ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗಲೇ ಹಣ ಕಟ್ಟಿ! ಅದರ ಕೆಳಗೆ ಒಂದು ಮೊಲ ಕೈ ಬೀಸ್ತಾ, ಬನ್ನಿ ಆಟ ಆಡೋಣ ಅಂತಿತ್ತು. ತಿಪ್ಪೇಶಿ ಅದನ್ನ ಮುಚ್ಚೋ ಹೊತ್ತಿಗೆ ಮ್ಯಾಚೇ ಮುಗಿದಿತ್ತು. ಫೋನಲ್ಲಿ ನೋಡ್ತಿದ್ದೋರಿಗೆ ಕೇಳಿಸಿದ್ದು ನೇತ್ರಾವತಿ ಕಿರುಚಾಟ, ಕಂಡಿದ್ದು ಮೊಲ. ಕೆಳಗೆ ಒಬ್ಬ ಕಾಮೆಂಟ್ ಹಾಕಿದ್ದ, "ಮೊಲ ಔಟಾ, ಪಾಯಿಂಟಾ?"

ಕಬಡ್ಡಿ ಸಂಘದ ಕಾರ್ಯದರ್ಶಿ ಕರಿಬಸಣ್ಣ ಒಳ್ಳೇ ಮನುಷ್ಯ. ಬೈಲಿಲ್ಲ. "ನೋಡಮ್ಮ, ಬರೋ ಭಾನುವಾರ ಫೈನಲ್ಲು. ಇನ್ನೊಂದ್ಸಲ ಮೊಲ ಬಂದ್ರೆ ನಾನು ಬೇರೆಯೋರನ್ನ ನೋಡ್ಕೋತೀನಿ. ಬೇಜಾರ್ ಮಾಡ್ಕೋಬೇಡ," ಅಂದ.

ಮನೇಲಿ ಬೈಯೋಕೆ ಬೇರೆಯೋರು ಇದ್ರಲ್ಲ. ತಿಪ್ಪೇಶಿಯ ಅವ್ವ, ಅಂದ್ರೆ ನೇತ್ರಾವತಿಯ ಅತ್ತೆ, ರೊಟ್ಟಿ ತಟ್ತಾ ತೀರ್ಪು ಕೊಟ್ಟುಬಿಟ್ಲು. "ಮನೆ ಸೊಸೆ ಮೈಕ್ ಹಿಡ್ಕೊಂಡು ಊರಿಗೆಲ್ಲಾ ಕೇಳಂಗೆ ಕೂಗೋದನ್ನ ಸುಮ್ನೆ ನೋಡಿದೆ. ಈ ಭಾನುವಾರಾನೂ ನಗೆಪಾಟಲು ಆದ್ರೆ ಆ ಮೈಕು ಅಟ್ಟಕ್ಕೆ. ಮಾತಿಲ್ಲ, ಕಥೆ ಇಲ್ಲ."

ನೇತ್ರಾವತಿ ಅವತ್ತಿಂದ ಮೈಕನ್ನ ಬೀರುವಲ್ಲಿ ಇಡದೇ ತನ್ನ ಬ್ಯಾಗಲ್ಲೇ ಇಟ್ಕೊಂಡು ಓಡಾಡ್ತಿದ್ಲು.

ಅದಕ್ಕೇ ಈಗ ಈ ಜಗಳ. ಮೈದಾನದ ಪಕ್ಕ ಸಂಘದೋರು ಕೊಟ್ಟಿದ್ದ ಸಣ್ಣ ರೂಮಲ್ಲಿ ಇಬ್ರೂ ಕೂತಿದ್ರು. ಅವಳದು ಒಂದೊಂದೇ ತೆಗೆಯೋ ದಾರಿ. ಅವನದು ಪೂರ್ತಿ ಒರೆಸೋ ದಾರಿ.

ಅವಳು ಮೊಲದ ಆಟ ತೆಗೆದ್ಲು. ಅದು ಸಲೀಸಾಗಿ ಹೋಯ್ತು. ಶಾಪಿಂಗು ತೆಗೆದ್ಲು. ಆಂಟಿವೈರಸ್ಸಿಗೆ ಬಂದ್ಲು. ಅದು "ನಿಜವಾಗ್ಲೂ ತೆಗೀಬೇಕಾ?" ಅಂತು. ಹೂಂ ಅಂದ್ಲು. "ಯಾಕೆ ಅಂತ ಕಾರಣ ಹೇಳ್ತೀರಾ?" ಅಂತು. ಹೇಳಿದ್ಲು. ಅಳೋ ಮುಖದ ಚಿತ್ರ ತೋರಿಸ್ತು. ಕೊನೆಗೆ ಹೋಯ್ತು. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದ್ರೆ, ಹೋಗಿಬರ್ತೀನಿ ಅಂತ ಹೊರಟ ನೆಂಟರು ಕೊಡೆ ಮರೆತೆ ಅಂತ ವಾಪಸ್ ಬಂದಂಗೆ, ಮೂಲೇಲಿ ಮತ್ತೆ ಹಾಜರು. ಜೊತೆಗೆ ಮೊಲಾನೂ!

"ನೋಡಿದ್ರಾ, ನೋಡಿದ್ರಾ!" ತಿಪ್ಪೇಶಿ ಕುರ್ಚಿಯಿಂದ ಎದ್ದೇ ನಿಂತ. "ಇವು ಬೇರು ಬಿಟ್ಟಿದಾವೆ ಅತ್ತಿಗೆ. ನೀವು ಎಲೆ ಕೀಳ್ತಿದೀರ."

ನೇತ್ರಾವತಿ ಸೋಲು ಒಪ್ಕೊಳ್ಳೋದ್ರಲ್ಲಿ ಧಾರಾಳಿ. "ಸರಿ ಕಣಪ್ಪ. ನೀನು ಹೇಳಿದ್ದೇ ನಿಜ. ಒರೆಸು."

ತಿಪ್ಪೇಶಿ ಒರೆಸಿದ. ಆಹಾ, ಆ ಸುಖ ಏನಂತ ಹೇಳೋದು! ಅವನಿಗೆ ಇದು ಹೊಸ ಸುಖ ಏನಲ್ಲ. ಡಿಗ್ರಿ ಎರಡನೇ ವರ್ಷಕ್ಕೇ ಬಿಟ್ಟಿದ್ದ. ಆಮೇಲೆ ಮೊಬೈಲ್ ಕವರ್ ಅಂಗಡಿ, ಅದಾದ್ಮೇಲೆ ಕಬ್ಬಿನ ಹಾಲಿನ ಮಿಷಿನ್ನು, ಆಮೇಲೆ ಮೀನು ಸಾಕಣೆ. ಪ್ರತಿಯೊಂದನ್ನೂ ಬಿಡುವಾಗ ಎದೆ ಹಗುರ ಆಗ್ತಿತ್ತು. ಪ್ರತಿಯೊಂದನ್ನೂ ಶುರು ಮಾಡುವಾಗ, ಈ ಸಲ ನೋಡು ಅಂತಿದ್ದ. ಈಗ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸೋದ್ರಲ್ಲಿ ಆನ್ ಆಯ್ತು. ನೀಲಿ ಪರದೆ ಮೇಲೆ ಒಂದೇ ಒಂದು ಕಸದ ಬುಟ್ಟಿ. ಅದೂ ಖಾಲಿ.

"ನೋಡಿ ಅತ್ತಿಗೆ, ಸ್ನಾನ ಮಾಡಿಸಿದ ಕೂಸು ಇದ್ದಂಗೆ ಐತೆ!"

"ಐತಪ್ಪ. ಈಗ ಕೂಸಿಗೆ ಬಟ್ಟೆ ಹಾಕು. ಲೈವ್ ಬಿಡೋ ಸಾಫ್ಟ್‌ವೇರ್ ಬೇಕಲ್ಲ."

ಅವಳು ನೀರು ತರೋಕೆ ಹೋದ್ಲು. ತಿಪ್ಪೇಶಿ ಸಾಫ್ಟ್‌ವೇರ್ ಹುಡುಕಿದ. ಪುಟ ತೆಗೆದ್ರೆ ಅಲ್ಲಿ ಜಾತ್ರೆ ಅಂಗಡಿ ಥರ ಹಸಿರು ಬಟನ್‌ಗಳು. ಎಲ್ಲಕ್ಕಿಂತ ದೊಡ್ಡದನ್ನ ಒತ್ತಿದ. ಒಂದು ಬಾಕ್ಸ್ ಬಂತು, ನೆಕ್ಸ್ಟ್. ಇನ್ನೊಂದು ಬಂತು, ನೆಕ್ಸ್ಟ್. ನೆಕ್ಸ್ಟ್, ನೆಕ್ಸ್ಟ್, ಒಪ್ಪಿದೆ, ನೆಕ್ಸ್ಟ್, ಮುಗೀತು. ಅವಳು ನೀರು ತರೋದ್ರೊಳಗೆ ಕೆಲಸ ಫಿನಿಶ್. ಅವನಿಗೆ ಅವನ ಬೆರಳಿನ ಮೇಲೇ ಹೆಮ್ಮೆ ಆಯ್ತು.

ಪರೀಕ್ಷೆಗೆ ಅಂತ ಖಾಲಿ ಮೈದಾನದ ಕಡೆ ಕ್ಯಾಮೆರಾ ತಿರುಗಿಸಿ, ಮನೆಯೋರ ಗುಂಪಿಗೆ ಮಾತ್ರ ಲೈವ್ ಬಿಟ್ರು. ಎರಡು ನಿಮಿಷಕ್ಕೆ ಅವ್ವನ ವಾಯ್ಸ್ ಮೆಸೇಜು ಬಂತು.

"ಲೋ ತಿಪ್ಪೇಶಿ, ಯಾರೋ ದಪ್ಪನೆ ಹೆಂಗಸು ಬಂದು ಹೊಟ್ಟೆ ಕರಗಿಸೋ ಪುಡಿ ಮಾರ್ತಾವ್ಳಲ್ಲೋ. ಇವಳು ಯಾವ ಟೀಮು?"

ನೇತ್ರಾವತಿ ಪರದೆ ನೋಡಿದ್ಲು. ಪುಡಿ ಇತ್ತು. ಪಕ್ಕದಲ್ಲಿ ಹೊಸ ಆಂಟಿವೈರಸ್ ಇತ್ತು, ಮೊದಲಿನದಕ್ಕಿಂತ ಬಜಾರಿ. ಲ್ಯಾಪ್‌ಟಾಪ್ ಕ್ಲೀನ್ ಮಾಡ್ಕೊಡ್ತೀನಿ ಅನ್ನೋ ಒಂದು ಪೊರಕೆ ಚಿತ್ರಾನೂ ಬಂದು ಕೂತಿತ್ತು.

"ಇವೆಲ್ಲ ಎಲ್ಲಿಂದ ಬಂದ್ವೋ?"

"ಕಂಪನಿಯೋರ ಕಿತಾಪತಿ ಅತ್ತಿಗೆ. ಸರಿಯಾಗಿ ಒರೆಸಿಲ್ಲ ಅನ್ಸುತ್ತೆ. ಇನ್ನೊಂದ್ಸಲ ಒರೆಸ್ತೀನಿ."

ಒರೆಸಿದ. ಮತ್ತೆ ಅದೇ ನೀಲಿ ಪರದೆ, ಅದೇ ಎದೆ ಹಗುರ. ಮತ್ತೆ ಅದೇ ಹಸಿರು ಬಟನ್ನು. ನೆಕ್ಸ್ಟ್, ನೆಕ್ಸ್ಟ್. ಈ ಸಲ ಪುಡಿ ಬರಲಿಲ್ಲ. ಮದುವೆ ಸಂಬಂಧ ಹುಡುಕಿಕೊಡೋದು ಬಂತು. "ಈ ಹುಡುಗಿ ನೋಡೋಕೆ ಲಕ್ಷಣವಾಗವ್ಳೆ ಕಣೋ, ಯಾರ ಪೈಕಿ?" ಅಂತ ಅವ್ವನ ಮೆಸೇಜು.

ಹಿಂಗೇ ಆಗಿ ಆಗಿ ಭಾನುವಾರ ಬೆಳಗಾಗೇಬಿಡ್ತು.

ಹೊರಗೆ ಮೈದಾನಕ್ಕೆ ನೀರು ಹೊಡೀತಿದ್ರು. ಸುಣ್ಣದಲ್ಲಿ ಗೆರೆ ಎಳೀತಿದ್ರು. ಕರಿಬಸಣ್ಣ ಒಂದ್ಸಲ ಕಿಟಕಿ ಹತ್ರ ಬಂದು, "ಮೊಲ ಹೋಯ್ತೇನಮ್ಮ?" ಅಂತ ಕೇಳಿ ಹೋಗಿದ್ದ. ಒಳಗೆ ಲ್ಯಾಪ್‌ಟಾಪು ಮೂರನೇ ಸಲ ಒರೆಸಿಸಿಕೊಂಡು ಬೋಳಾಗಿ ಕೂತಿತ್ತು. ತಿಪ್ಪೇಶಿಗೆ ಕೂರೋಕೂ ಆಗ್ತಿಲ್ಲ, ನಿಲ್ಲೋಕೂ ಆಗ್ತಿಲ್ಲ.

"ಅತ್ತಿಗೆ, ಒಂದು ಮಾತು ಹೇಳ್ಲಾ? ಈ ಲೈವ್ ಸಹವಾಸಾನೇ ಬೇಡ. ಬಿಟ್ಟುಬಿಡೋಣ. ಡ್ರೋನ್ ತಗೊಳ್ಳೋಣ. ಮದುವೆ ಶೂಟಿಂಗು. ಹೊಸ ಹೆಸರು, ಹೊಸ ಬೋರ್ಡು, ಎಲ್ಲಾ ಫ್ರೆಶ್ಶು."

"ಡ್ರೋನ್‌ಗೆ ಮೈಕ್ ಇರುತ್ತಾ?"

ತಿಪ್ಪೇಶಿ ತಲೆ ಕೆರ್ಕೊಂಡ.

"ಇರಲ್ಲ. ಅಂದ್ರೆ ನಾನು ಅಡಿಗೆ ಮನೆಗೆ, ನೀನು ಆಕಾಶಕ್ಕೆ," ಅಂದ್ಲು ನೇತ್ರಾವತಿ. ದನಿ ಏರಿಸಲಿಲ್ಲ. ಕಾಮೆಂಟರಿಯಲ್ಲಿ ಊರು ಎಬ್ಬಿಸೋ ಹೆಂಗಸು ಹಿಂಗೆ ಮೆಲ್ಲಗೆ ಮಾತಾಡಿದ್ರೆ ತಿಪ್ಪೇಶಿಗೆ ಹೆದರಿಕೆ. "ಕೂತ್ಕೋ. ಮೀನು ಸತ್ತಾಗ ಹೊಂಡ ಸರಿ ಇಲ್ಲ ಅಂದೆ. ಅಂಗಡಿ ನಿಂತಾಗ ರಸ್ತೆ ಸರಿ ಇಲ್ಲ ಅಂದೆ. ಈಗ ಕಂಪನಿ ಸರಿ ಇಲ್ಲ ಅಂತೀಯ. ಕಂಪನಿಯೋರು ಹಾಕಿದ್ದು ಮೊದಲನೇ ಸಲಕ್ಕೇ ಹೋಯ್ತು ಮಾರಾಯ, ನೀನೇ ಒರೆಸಿದೆ, ಚೆನ್ನಾಗೇ ಒರೆಸಿದೆ. ಆಮೇಲೆ ಬಂದಿದ್ದು ಯಾರ ಕೈಯಿಂದ?"

"ನಾನೇನು ಪುಡಿ ಬೇಕು ಅಂತ ಕೇಳಿದ್ನಾ?"

"ಸಾಫ್ಟ್‌ವೇರ್ ಹಾಕು. ನನ್ನ ಮುಂದೆ ಹಾಕು. ಒಂದೊಂದು ಬಾಕ್ಸ್ ಬಂದಾಗ್ಲೂ ಅದರಲ್ಲಿ ಏನಿದೆಯೋ ಅದನ್ನ ಕನ್ನಡದಲ್ಲಿ ಜೋರಾಗಿ ಓದು. ಓದಿ ಆಮೇಲೆ ಒತ್ತು."

"ಅಯ್ಯೋ, ಒಂದನೇ ಕ್ಲಾಸಾ ಇದು?"

"ಹೂಂ. ನಾನು ಮೇಷ್ಟ್ರು. ಶುರು ಮಾಡು."

ತಿಪ್ಪೇಶಿ ಪುಟ ತೆಗೆದ. ಕೈ ತಾನಾಗೇ ದೊಡ್ಡ ಹಸಿರು ಬಟನ್ ಕಡೆ ಹೋಯ್ತು. "ಓದು," ಅಂದ್ಲು ಅವಳು. ಬಟನ್ ಮೇಲೆ ಸಣ್ಣಕ್ಷರದಲ್ಲಿ ಇದ್ದಿದ್ದು ಜಾಹೀರಾತು ಅಂತ. ಅವನು ಗಂಟಲು ಸರಿ ಮಾಡ್ಕೊಂಡ. ಪುಟ ಕೆಳಗೆ ಜರುಗಿಸಿದ. ಸಾಫ್ಟ್‌ವೇರ್ ಮಾಡಿದೋರ ಸ್ವಂತ ಪುಟಕ್ಕೆ ಹೋಗೋ ದಾರಿ ಒಂದು ಗೆರೆಯಲ್ಲಿ, ಬಡವರ ಮನೆ ಹುಡುಗಿ ಥರ ಸುಮ್ನೆ ನಿಂತಿತ್ತು. ಅಲ್ಲಿಂದ ಸಾಫ್ಟ್‌ವೇರ್ ಬಂತು. ಓದ್ತಾ ಓದ್ತಾ ಹಾಕಿದ. ಯಾವ ಪುಡೀನೂ ಇಲ್ಲ, ಹುಡುಗೀನೂ ಇಲ್ಲ.

ಆಮೇಲೆ ಸ್ಕೋರ್‌ಬೋರ್ಡ್ ತೋರ್ಸೋಕೆ ಬೇಕಾದ ಇನ್ನೊಂದು ಸಣ್ಣ ಪ್ರೋಗ್ರಾಮು. ಅದರಲ್ಲಿ ಮೊದಲನೇ ಬಾಕ್ಸ್ ಓದಿದ, ಒತ್ತಿದ. ಎರಡನೇದು ಬಂತು. ಎಳೆದೆಳೆದು ಓದಿದ. "ಇದರ ಜೊತೆ... ನಮ್ಮ ಗೆಳೆಯರ ಕಂಪನಿಯ... ಶಾಪಿಂಗ್ ಸಹಾಯಕ... ಮತ್ತೆ ಆಂಟಿವೈರಸ್ಸನ್ನೂ... ಹಾಕೋಕೆ ನಾನು ಸಂತೋಷದಿಂದ ಒಪ್ಪಿದೀನಿ."

ಪಕ್ಕದಲ್ಲಿ ಸಣ್ಣ ಚೌಕ. ಚೌಕದಲ್ಲಿ ಆಗ್ಲೇ ಟಿಕ್ಕು.

ಹೊರಗೆ ಯಾರೋ ಮೈಕ್ ಟೆಸ್ಟ್ ಮಾಡ್ತಿದ್ರು.

"ಸಂತೋಷದಿಂದ ಒಪ್ಪಿದೀನಂತೆ," ಅಂದ ತಿಪ್ಪೇಶಿ.

"ಪ್ರತೀ ಸಲಾನೂ," ಅಂದ್ಲು ನೇತ್ರಾವತಿ.

ಅವನು ಟಿಕ್ಕು ತೆಗೆದ. ತೆಗೆದ್ರೂ ಕೈ ಬಟನ್ ಒತ್ತೋಕೆ ಹೋಗಲಿಲ್ಲ. ಇನ್ನೊಂದ್ಸಲ ಮೇಲಿಂದ ಓದಿದ. ಮೀನಿನ ಹೊಂಡ ತಗೊಂಡಾಗ ಅದನ್ನ ಮಾರಿದ ಮನುಷ್ಯ ನೀರಿನ ಬಗ್ಗೆ ಏನೋ ಹೇಳೋಕೆ ಬಂದಿದ್ದ, ಆಯ್ತು ಬಿಡ್ರೀ ಅಂತ ತಾನು ಕೈ ಕುಲುಕಿ ಎದ್ದಿದ್ದು ಎಲ್ಲಿಂದಲೋ ನೆನಪಿಗೆ ಬಂತು. ಅದನ್ನ ಅತ್ತಿಗೆಗೆ ಹೇಳೋಣ ಅನ್ಕೊಂಡ. ಈಗ ಬೇಡ, ಬೈತಾಳೆ ಅನ್ಸಿ ಪರದೆ ಕಡೆ ತಿರುಗಿದ.

ಒತ್ತಿದ. ಮುಗೀತು. ಮತ್ತೆ ಮನೆಯೋರ ಗುಂಪಿಗೆ ಪರೀಕ್ಷೆ ಲೈವ್ ಬಿಟ್ರು. ಇಬ್ರೂ ಉಸಿರು ಹಿಡ್ಕೊಂಡು ಫೋನ್ ನೋಡ್ತಾ ಕೂತ್ರು. ಅವ್ವನ ಮೆಸೇಜು ಬಂತು.

"ಏನೋ ಇದು, ಏನೂ ಬರ್ತಾನೇ ಇಲ್ಲ. ಬರೀ ಮಣ್ಣಿನ ಮೈದಾನ ಕಾಣ್ತೈತೆ. ಆ ಹುಡುಗಿ ಎಲ್ಲಿ ಹೋದ್ಲು?"

ತಿಪ್ಪೇಶಿ ಟೇಬಲ್ ಗುದ್ದಿ ಕುಣಿದ. ನೇತ್ರಾವತಿ ನಕ್ಕು ನಕ್ಕು ಕಣ್ಣು ಒರೆಸ್ಕೊಂಡ್ಲು. ಹೊರಗೆ ರೆಫ್ರಿ ಸೀಟಿ ಊದಿದ. ಟೀಮುಗಳು ಮೈದಾನಕ್ಕೆ ಇಳೀತಿದ್ವು. ಅವಳು ಬ್ಯಾಗಿಂದ ಮೈಕು ತೆಗೆದು ಸೆರಗು ಸೊಂಟಕ್ಕೆ ಸಿಗಿಸ್ಕೊಂಡ್ಲು.

ಅಷ್ಟರಲ್ಲಿ ಪರದೆ ಮೂಲೇಲಿ ಹೊಸ ಬಾಕ್ಸ್ ಒಂದು ಹಾರಿ ಬಂತು. ತಿಪ್ಪೇಶಿ ಬೆರಳು ಮೇಲೆದ್ದು ಗಾಳಿಯಲ್ಲೇ ನಿಂತಿತು. ಅತ್ತಿಗೆ ನೋಡ್ತಿದಾಳಾ ಅಂತ ತಿರುಗಿ ನೋಡ್ಲಿಲ್ಲ. ತುಟಿ ಅಲ್ಲಾಡಿಸ್ತಾ ಓದಿದ. ಸಿಸ್ಟಮ್‌ಗೆ ಹೊಸ ಅಪ್‌ಡೇಟ್ ಬಂದಿದೆ, ಈಗಲೇ ಹಾಕಿ ಆಫ್ ಮಾಡಿ ಆನ್ ಮಾಡ್ಲಾ, ಅಥವಾ ರಾತ್ರಿಗಾ? ಒಂದು ಗಳಿಗೆ ಯೋಚ್ನೆ ಮಾಡಿ, ರಾತ್ರಿಗೆ ಅಂತ ಒತ್ತಿದ.

ಈಗ ಅಂತ ಒತ್ತಿದ್ರೆ ಫೈನಲ್ ನಡುವೆ ಪರದೆ ಕಪ್ಪಾಗ್ತಿತ್ತು. ಅದು ಇಬ್ರಿಗೂ ಗೊತ್ತಿತ್ತು.

"ಅತ್ತಿಗೆ, ನೀವು ಇಲ್ಲೇ ಇರಲ್ವಾ? ಇನ್ನೊಂದು ಬಾಕ್ಸ್ ಬಂದ್ರೆ?"

"ಬಂದ್ರೆ ಓದು. ನನಗೆ ಅಲ್ಲಿ ಫೈನಲ್ ಐತೆ," ಅಂತ ಹೇಳಿ ನೇತ್ರಾವತಿ ಹೊರಗೆ ಹೋಗಿ, ಹಿಂದೆ ನೋಡದೇ ಬಾಗಿಲು ಎಳ್ಕೊಂಡ್ಲು.

ನೀತಿ: ಬಂದ ಕಸಾನ ಒಂದೊಂದೇ ತೆಗೀರಿ, ಇಲ್ಲಾ ಒಂದೇ ಏಟಿಗೆ ಒರೆಸಿ, ನಿಮ್ಮಿಷ್ಟ. ಓದದೇ ಹೂಂ ಅನ್ನೋ ಬೆರಳು ಮಾತ್ರ ಹಂಗೇ ಉಳಿದ್ರೆ, ಬೆಳಗ್ಗೆ ಹೊಸದಾಗಿದ್ದು ಸಂಜೆಗೆ ಹಳೇದೇ ಆಗುತ್ತೆ. ಹೊಸದಾಗಿ ಶುರು ಮಾಡೋದು ಯಾರ ಕೈಲಾದ್ರೂ ಆಗುತ್ತೆ. ಏನಕ್ಕೆ ಒಪ್ತಿದೀವಿ ಅಂತ ನೋಡಿ ಒಪ್ಪೋದೇ ನಿಜವಾದ ಕೆಲಸ.