ಪೂಜೆಯ ಹೊತ್ತಿಗೆ ಬಂದ ಫೋನು

ಗದಗಿನ ಪೇಟೆಯಲ್ಲಿ ಬಸಲಿಂಗವ್ವ ಎಂಬ ತಾಯಿ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದಳು. ದಿನವೂ ಮಿಂದು, ಹಣೆತುಂಬ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕುಳಿತಳೆಂದರೆ ಮುಗಿಯುವವರೆಗೂ ಅವಳ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಹಾಲಿನವನು ಬಂದರೂ ಅಷ್ಟೇ, ಬೀಗರು ಬಂದರೂ ಅಷ್ಟೇ. ಶಿವನ ಜೋಡಿ ಮಾತಾಡುವಾಗ ನಡುವೆ ಮತ್ತೊಬ್ಬರ ಮಾತೇಕೆ ಎಂದು ಆಮೇಲೆ ನಗುತ್ತಿದ್ದಳು.

ಆ ವರ್ಷ ಅವಳು ಖಾನಾವಳಿಯ ಕೀಲಿಕೈಯನ್ನು ಸೊಸೆ ಕಸ್ತೂರಿಯ ಕೈಗಿತ್ತಿದ್ದಳು. ಕಸ್ತೂರಿಗೆ ಹಿಗ್ಗೂ ಇತ್ತು, ಅಳುಕೂ ಇತ್ತು. ಸುಗ್ಗಿ ಬಂದಿತ್ತು. ವರ್ಷಕ್ಕಾಗುವಷ್ಟು ಬಿಳಿಜೋಳ ಕೊಳ್ಳಲು ಕೂಡಿಟ್ಟ ದುಡ್ಡೆಲ್ಲ ಅತ್ತೆಯ ಖಾತೆಯಲ್ಲಿತ್ತು. ಅದು ಹೋದರೆ ಒಲೆ ಆರಿದಂತೆಯೇ.

ಒಂದು ಬೆಳಿಗ್ಗೆ ಅತ್ತೆ ಪೂಜೆಗೆ ಕುಳಿತಿದ್ದಾಗ ಅವಳ ಫೋನು ಹೊಡೆದುಕೊಂಡಿತು. ಕಸ್ತೂರಿ ಎತ್ತಿದಳು. ಆ ಕಡೆಯವನು ತಾನು ತೆರಿಗೆ ಇಲಾಖೆಯ ಸಾಹೇಬನೆಂದ. ತೆರಿಗೆ ಬಾಕಿ ಇದೆ, ಮಧ್ಯಾಹ್ನದೊಳಗೆ ಖಾನಾವಳಿಗೆ ಸೀಲು ಬೀಳುತ್ತದೆ, ಫೋನಿಗೆ ಬರುವ ಓಟಿಪಿ ಓದಿ ಹೇಳಿದರೆ ದಂಡ ಕಟ್ಟಿಸಿಕೊಂಡು ಬಿಟ್ಟುಬಿಡುತ್ತೇನೆ ಎಂದ. ಅತ್ತೆಯ ಹೆಸರು, ಖಾನಾವಳಿಯ ಹೆಸರು ಎರಡನ್ನೂ ತಪ್ಪಿಲ್ಲದೆ ಹೇಳಿದ. ಅವೆರಡೂ ಹೊರಗಿನ ಬೋರ್ಡಿನ ಮೇಲೇ ಇವೆ ಎಂಬುದು ಗಾಬರಿಯಲ್ಲಿ ಕಸ್ತೂರಿಗೆ ಹೊಳೆಯಲಿಲ್ಲ. ಕೀಲಿಕೈ ನನ್ನ ಕೈಗೆ ಬಂದ ವರ್ಷವೇ ಬಾಗಿಲು ಮುಚ್ಚಬೇಕೇ ಎಂದುಕೊಂಡಳು.

ಓಡಿಹೋಗಿ ಅತ್ತೆಯ ಕಿವಿಯಲ್ಲಿ ಎಲ್ಲ ಉಸುರಿದಳು. ಅತ್ತೆ ಲಿಂಗದ ಮೇಲಿನ ನೋಟ ಕೀಳಲಿಲ್ಲ. ತಡೆ ಎಂಬಂತೆ ಬಲಗೈ ಎತ್ತಿದಳು, ಅಷ್ಟೇ.

“ಅತ್ತಿ ಪೂಜಿಗೆ ಕುಂತಾರ್ರೀ ಸಾಹೇಬ್ರ, ಮುಗಿಯೂತನಕ ಮಾತಾಡಂಗಿಲ್ಲ. ಚೂರು ತಡೀರಿ,” ಎಂದಳು ಕಸ್ತೂರಿ ಫೋನಿಗೆ.

“ಪೂಜೆ ಗೀಜೆ ಆಮೇಲೆ. ಯಾರನ್ನೂ ಕೇಳಬೇಡಿ, ಯಾರಿಗೂ ಹೇಳಬೇಡಿ. ಮೊದಲು ನಂಬರ್ ಓದಿ.”

ಓಟಿಪಿ ಬಂದೇ ಬಿಟ್ಟಿತು. ಅದು ಕಸ್ತೂರಿಯ ನಾಲಿಗೆಯ ತುದಿಗೂ ಬಂತು. ಆದರೆ ಅತ್ತೆಯ ಕೈ ಇನ್ನೂ ಇಳಿದಿರಲಿಲ್ಲ. ಅದನ್ನು ಮೀರಲು ಅವಳಿಗೆ ಮನಸ್ಸಾಗಲಿಲ್ಲ. ಫೋನನ್ನು ಬರಿದಾಗಿದ್ದ ಜೋಳದ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು. ಸಾಹೇಬನ ಗದರಿಕೆ ಒಳಗೆ ಕಣಜದ ಹುಳದಂತೆ ಗುಂಯ್‌ಗುಟ್ಟಿ ಸುಮ್ಮನಾಯಿತು.

ಅತ್ತೆಯ ಪಕ್ಕದಲ್ಲಿ ಕೂತಳು. ಮೆಲ್ಲಗೆ ಉಸಿರು ಹದಕ್ಕೆ ಬಂತು. ಆ ಶಾಂತಿಯಲ್ಲಿ ಶಿವನೇ ಅವಳಿಗೆ ನೆನಪು ತಂದುಕೊಟ್ಟ. ಹಿಂದೊಮ್ಮೆ ನಿಜವಾದ ಅಧಿಕಾರಿ ಬಂದಿದ್ದರು. ಗುರುತಿನ ಚೀಟಿ ತೋರಿಸಿ, ನೋಟಿಸು ಕೊಟ್ಟು, ಅವಸರವಿಲ್ಲ, ಕಾಗದಪತ್ರ ತೆಗೆದುಕೊಂಡು ಕಚೇರಿಗೆ ಬನ್ನಿ ಎಂದಿದ್ದರು. ಈತನಿಗೆ ಒಂದು ಪೂಜೆ ಮುಗಿಯುವಷ್ಟೂ ವ್ಯವಧಾನವಿಲ್ಲವಲ್ಲ?

ಪೂಜೆ ಮುಗಿಯಿತು. ಅತ್ತೆ ಸೊಸೆ ಇಬ್ಬರೂ ತಮ್ಮ ತೆರಿಗೆಯ ಕೆಲಸ ನೋಡುವ ವಿರೂಪಾಕ್ಷಪ್ಪನವರ ಬಳಿ ಹೋದರು. ಅವರು ಇಲಾಖೆಯ ವೆಬ್‌ಸೈಟಿನಲ್ಲೇ ನೋಡಿ, ಒಂದು ಪೈಸೆಯೂ ಬಾಕಿ ಇಲ್ಲ, ಓಟಿಪಿ ಹೇಳಿದ್ದರೆ ಖಾತೆಯ ದುಡ್ಡೆಲ್ಲ ಹೋಗುತ್ತಿತ್ತು ಎಂದರು. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನು ಮಾಡಿಸಿ ದೂರನ್ನೂ ಕೊಡಿಸಿದರು.

ಮನೆಗೆ ಬಂದು ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಾಗ ಅದೇ ಸಾಹೇಬನ ಫೋನು ಮತ್ತೆ ಬಂತು. ಈ ಸಲ ಬಸಲಿಂಗವ್ವನೇ ಎತ್ತಿದಳು.

“ನೋಟಿಸು, ಗುರುತಿನ ಚೀಟಿ ತಗೊಂಡು ನೀವ ಬರ್ರಿ ಸಾಹೇಬ್ರ. ಬಿಸಿ ರೊಟ್ಟಿ ಐತಿ, ಎಣ್ಣಿಗಾಯಿ ಐತಿ. ಮೊದಲ ಊಟ ಮಾಡ್ರಿ, ಸೀಲು ಆಮ್ಯಾಲ ಹಾಕಿದ್ರಾತು.”

ಆ ಕಡೆ ಫೋನು ಕಟ್ಟಾಗಿತ್ತು. ಕಸ್ತೂರಿ ನಕ್ಕ ರಭಸಕ್ಕೆ ಕೈಯಲ್ಲಿದ್ದ ರೊಟ್ಟಿಯೇ ಹರಿದುಹೋಯಿತು.

ನೀತಿ: ತೆರಿಗೆಯ ಹೆಸರು ಹೇಳಿ ಹೆದರಿಸುವವನು, ಅವಸರಪಡಿಸುವವನು, ಯಾರಿಗೂ ಹೇಳಬೇಡಿ ಎನ್ನುವವನು ಮೋಸಗಾರನೇ. ಓಟಿಪಿಯನ್ನು ಯಾರಿಗೂ ಕೊಡಬೇಡಿ. ಒಂದು ಗಳಿಗೆ ದೇವರನ್ನು ನೆನೆದು ಮನಸ್ಸನ್ನು ನಿಲ್ಲಿಸಿ, ತಿಳಿದವರನ್ನು ಕೇಳಿ. ತಾಳ್ಮೆಯುಳ್ಳವರ ಮನೆಗೆ ಭಗವಂತನೇ ಕಾವಲಿರುತ್ತಾನೆ.