ಮುಸುವನ ಎರಡನೆಯ ಕೂಗು

ಚಿರತೆ ಕಂಡರೆ ಮರದ ಮೇಲಿನ ಮುಸುವ ಕೂಗಬೇಕು, ಕೆಳಗೆ ಮೇಯುವ ಜಿಂಕೆಗಳು ಓಡಬೇಕು. ಆ ಕಾಡಿನ ಕಟ್ಟಳೆ ಅದು. ಒಂದು ಬೆಳಿಗ್ಗೆ ಚಿರತೆ ಬಂತು, ಮುಸುವ ಕೂಗಿತು, ಜಿಂಕೆಗಳು ಪಾರಾದವು, ಚಿರತೆ ಬರಿಹೊಟ್ಟೆಯಲ್ಲಿ ಹಳ್ಳ ದಾಟಿ ಹೋಯಿತು. ಮುಸುವ ಮಾತ್ರ ಮೂರು ದಿನವಾದರೂ ಕೂಗು ನಿಲ್ಲಿಸಲಿಲ್ಲ.

ಬಾಣಂತಿ ಜಿಂಕೆಯೊಂದು ಮರದಡಿ ಬಂದು ಹೇಳಿತು: "ಅಣ್ಣಾ, ಸಾಕು ಮಾಡು. ನೀನು ಕೂಗಿದಾಗೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತದೆ, ಕಾಲುಗಳು ತಾವಾಗಿಯೇ ಓಡುತ್ತವೆ. ಮೇವು ಗಂಟಲಿಗಿಳಿಯದೆ ಹಾಲು ಬತ್ತಿದೆ. ಮರಿ ಸೊರಗುತ್ತಿದೆ."

"ನಾನು ಸುಮ್ಮನಾದ ಮೇಲೆ ಅದು ಬಂದರೆ?"

"ಬಂದಾಗ ಕೂಗು, ಓಡುತ್ತೇನೆ. ಹೋದಾಗಲೂ ಒಂದು ಮಾತು ಹೇಳಬಾರದೇ?"

"ಹೋಯಿತು ಅಂತ ಹೇಳುವ ಕೂಗು ನಮ್ಮ ವಂಶದಲ್ಲೇ ಇಲ್ಲ, ತಂಗೀ."

"ಹಾಗಾದರೆ ನೀನೇ ಮೊದಲಿಗನಾಗು. ಅದು ಹೋದದ್ದನ್ನು ಕಣ್ಣಾರೆ ಕಂಡವನು ನೀನೊಬ್ಬನೇ."

ಮುಸುವ ಹಳ್ಳದಾಚೆ ನೋಡಿತು. ಮತ್ತೊಮ್ಮೆ ನೋಡಿತು. ಆಮೇಲೆ ನಾಚುತ್ತಲೇ ಆಕಳಿಕೆಯಂಥ ಒಂದು ಮೆಲುದನಿ ಹೊರಡಿಸಿತು.

"ಮೊದಲ ಸಲಕ್ಕೆ ಚೆನ್ನಾಗಿಯೇ ಇದೆ" ಎಂದು ಜಿಂಕೆ ಹುಲ್ಲಿಗೆ ತಲೆ ಬಾಗಿಸಿತು.

ಸಂಜೆಯ ಹೊತ್ತಿಗೆ ಮರಿ ಕೆಚ್ಚಲಿಗೆ ಗುದ್ದಿ ಗುದ್ದಿ ಹಾಲು ಕುಡಿಯುತ್ತಿತ್ತು. ಮೇಲೆ ಮುಸುವ ಹಳ್ಳದ ಕಡೆ ಒಂದು ಕಣ್ಣಿಟ್ಟು, ಬಾಯಿ ತುಂಬ ಚಿಗುರು ಅಗಿಯುತ್ತಿತ್ತು.