ಒಂದು ಚಮಚ ಹೆಪ್ಪು

ನಂಬದಿದ್ದರೆ ಬಿಡಿ. ಮಠದಲ್ಲಿ ಮೂವತ್ತು ಮಂದಿ ಶಿಷ್ಯರಿದ್ದರೂ, ಗುರುಗಳು ಕಣ್ಣು ಮುಚ್ಚಿ ಯೋಚಿಸುವಂಥ ಪ್ರಶ್ನೆ ಕೇಳಿದವನು ನಾನೊಬ್ಬನೇ. ಸುಳ್ಳೆನ್ನುವವರು ಎದುರಿಗೆ ಬಂದು ಹೇಳಲಿ.

ನಾನು ಕೇಳಿದ್ದು ಇಷ್ಟೆ: "ಗುರುಗಳೇ, ನೀವು ದೇಶ ದೇಶ ಸುತ್ತಿದವರು. ಕೆಲವು ದೇಶ ಬಡವಾಗಿಯೇ ಉಳಿದಿವೆ, ಕೆಲವು ಬೆಳೆದಿವೆ. ಎಲ್ಲಿಯ ಮನೆಗಳಲ್ಲಿ ಜನ ಸುಖವಾಗಿದ್ದಾರೆ? ಅದನ್ನು ಗುರುತಿಸುವುದು ಹೇಗೆ?"

ಉತ್ತರ ನನಗೆ ಗೊತ್ತೇ ಇತ್ತು. ಅದನ್ನೂ ಹೇಳಿಬಿಟ್ಟೆ. "ಯಾರ ಬಾಗಿಲಿಗೂ ಹೋಗಬೇಕಾಗಿಲ್ಲದ ಮನೆಯೇ ಸುಖದ ಮನೆ. ನಮ್ಮೂರಲ್ಲಿ ಸ್ವಂತ ಬಾವಿ, ಸ್ವಂತ ಕಣ, ಸ್ವಂತ ಒರಳು ಇರುವುದು ನಮ್ಮ ಮನೆಯೊಂದಕ್ಕೇ. ನಮ್ಮಪ್ಪ ಒಂದು ಹರಳು ಉಪ್ಪಿಗೂ ಇನ್ನೊಬ್ಬರ ಹೊಸ್ತಿಲು ತುಳಿದವರಲ್ಲ."

"ಹಾಗಾದರೆ ಪ್ರಶ್ನೆಯನ್ನು ಯಾಕೆ ಹೊತ್ತು ತಂದೆಯೋ ತಮ್ಮಾ? ಉತ್ತರವೊಂದನ್ನೇ ತಂದಿದ್ದರೆ ಸಾಕಿತ್ತಲ್ಲ" ಎಂದರು ಗುರುಗಳು. ಎಲ್ಲರೂ ನಕ್ಕರು. ಆಮೇಲೆ ಅವರು ಹೇಳಿದ ಕತೆ ಇದು.

ಒಂದು ಬಡ ದೇಶದಲ್ಲಿ ಕಂಬಳಿ ನೇಯುವವನೊಬ್ಬನಿದ್ದ. ಅವನ ಮಗು ಕಾಯಿಲೆ ಬಿದ್ದಿತು. ಹೊಟ್ಟೆಯಲ್ಲಿ ಮಜ್ಜಿಗೆಯೊಂದೇ ನಿಲ್ಲುತ್ತದೆ ಎಂದರು ವೈದ್ಯರು. ಮೇವಿಲ್ಲದೆ ಊರಿನ ಹಸುಗಳು ಬತ್ತಿದ್ದವು. ಹೆಂಡತಿ ಬಟ್ಟಲು ಹಿಡಿದು ಏಳು ಮನೆಗೆ ಹೋದಳು. ಏಳು ಮನೆಯವರೂ ಹೆಪ್ಪಿಗೆಂದು ಉಳಿಸಿಕೊಂಡಿದ್ದ ಮೊಸರಿನಲ್ಲೇ ಒಂದೊಂದು ಚಮಚ ಕೊಟ್ಟರು. ಅದನ್ನು ನೀರಿನಲ್ಲಿ ಕದಡಿ ಅವಳು ಏಳು ದಿನ ಮಗುವನ್ನು ಉಳಿಸಿಕೊಂಡಳು. ಎಂಟನೆಯ ದಿನ ಯಾರ ಕುಡಿಕೆಯಲ್ಲೂ ಏನೂ ಇರಲಿಲ್ಲ. ಮಗು ಹೋಯಿತು. ಆ ಕೊರಗಿನಲ್ಲಿ ಅವಳೂ ಹೋದಳು.

ಅವನು ಆ ಬಟ್ಟಲನ್ನು ಗಂಟಿನಲ್ಲಿ ಕಟ್ಟಿಕೊಂಡು, ಹಾಲಿಗೆ ಬರವಿಲ್ಲದ ದೇಶವನ್ನು ಹುಡುಕಿ ಹೊರಟ.

ಅಂಥ ದೇಶ ಸಿಕ್ಕಿತು. ಅಲ್ಲಿ ಮನೆಗೆ ಹತ್ತು ಹಸು. ಚಳಿಯ ನಾಡಾದ್ದರಿಂದ ಇವನ ಕಂಬಳಿಗೆ ಬೇಡಿಕೆ ಬಂತು. ಕೆಲವೇ ವರ್ಷಗಳಲ್ಲಿ ಇವನ ಕೊಟ್ಟಿಗೆಯಲ್ಲೂ ಹತ್ತು ಹಸು ನಿಂತವು. ಅಲ್ಲಿ ಮಜ್ಜಿಗೆಯಿಲ್ಲದೆ ಯಾವ ಮಗುವೂ ಸಾಯುತ್ತಿರಲಿಲ್ಲ. ಎಲ್ಲರಲ್ಲೂ ಎಲ್ಲವೂ ಇತ್ತು. ಆದ್ದರಿಂದ ಯಾರೂ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

ಯಾರಾದರೂ ಕೇಳಿಕೊಂಡು ಬಂದರೆ ಇರಲಿ ಎಂದು ಅವನು ದಿನವೂ ಒಂದು ಕುಡಿಕೆ ಹೆಪ್ಪನ್ನು ಬೇರೆ ಎತ್ತಿಡುತ್ತಿದ್ದ. ಯಾರೂ ಬರಲಿಲ್ಲ. ಹುಳಿತದ್ದನ್ನು ಹಿತ್ತಿಲಿಗೆ ಚೆಲ್ಲಿ ಹೊಸದನ್ನು ಇಡುತ್ತಿದ್ದ. ಹನ್ನೆರಡು ವರ್ಷ ಹೀಗೇ ಕಳೆಯಿತು. ಹಸುಗಳ ಹೊರತು ಇನ್ನಾರೂ ಅವನ ದನಿ ಕೇಳದ ದಿನಗಳೇ ಹೆಚ್ಚಾದವು.

ಒಂದು ಸಂಜೆ ಅವನು ಹೆಂಡತಿಯ ಬಟ್ಟಲನ್ನು ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದ. ಒಬ್ಬ ಮುದುಕಿ ತೆರೆದಳು.

"ತಾಯೀ, ಹೆಪ್ಪು ಮುಗಿದಿದೆ. ಒಂದು ಚಮಚ ಕೊಡುತ್ತೀರಾ?"

ಅವನ ಮನೆಯಲ್ಲಿ ಗಡಿಗೆ ತುಂಬ ಮೊಸರಿತ್ತು.

"ಹತ್ತು ಹಸು ಕಟ್ಟಿದವನ ಮನೆಯಲ್ಲಿ ಹೆಪ್ಪಿಲ್ಲವೇ? ಗಡಿಗೆಯನ್ನು ಬೆಕ್ಕಿಗೆ ಒಪ್ಪಿಸಿ ಮಲಗಿದ್ದೆಯೇನೋ?" ಎಂದು ಮುದುಕಿ ಗದರಿದಳು. ಅವನ ಮುಖವನ್ನೂ ಬಟ್ಟಲನ್ನೂ ನೋಡಿದಳು. "ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು. ಬೇಗ ಒಳಗೆ ಬಾ."

ಮರುದಿನ ಸಂಜೆ ಅವನ ಬಾಗಿಲು ಸದ್ದಾಯಿತು. ಮುದುಕಿ ನಿಂತಿದ್ದಳು. ಕೈಯಲ್ಲಿ ಬಟ್ಟಲಿತ್ತು.

"ನಮ್ಮ ಮನೆಗೂ ಬೆಕ್ಕು ಬಂದಿತ್ತು" ಎಂದಳು.

ಆ ಬೀದಿಯಲ್ಲಿ ಬೆಕ್ಕೇ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಾನು ಬಿಡುವವನೇ? "ಅಂದರೆ ಬಡ ದೇಶವೇ ಮೇಲು ಎಂದಾಯಿತು" ಎಂದೆ.

"ಆ ಮಗುವಿನ ಎದುರು ನಿಂತು ಈ ಮಾತು ಹೇಳಬಲ್ಲೆಯಾ?"

"ಮತ್ತೆ, ಸುಖದ ಮನೆಯ ಗುರುತು ಯಾವುದು?"

"ನಿಮ್ಮ ಮನೆಗೆ ಏನಾದರೂ ಕೇಳಿಕೊಂಡು ಕೊನೆಯ ಸಲ ಬಂದವರು ಯಾರಪ್ಪಾ?" ಎಂದರು ಗುರುಗಳು.

ಬಾವಿ ನೆನಪಾಯಿತು, ಕಣ ನೆನಪಾಯಿತು, ಒರಳು ನೆನಪಾಯಿತು. ಒಂದು ಮುಖವೂ ನೆನಪಾಗಲಿಲ್ಲ.

ಊರಿಗೆ ಹೊರಟ ದಿನ ಗುರುಗಳು ನನ್ನ ಕೈಗೆ ಒಂದು ಬಟ್ಟಲು ಕೊಟ್ಟರು. ಅದರಲ್ಲಿ ಏನೂ ಇರಲಿಲ್ಲ.